ನೂರೆಂಬತ್ತು ಭರಣಿಗಳ ಚಳಿಗಾಲ

ಚಳಿಗಾಲದ ಹತ್ತೊಂಬತ್ತನೆಯ ವಾರದ ಒಂದು ಸಂಜೆ, ನೆಲಮಾಳಿಗೆಗೆ ಇಳಿದಿದ್ದ ನನ್ನ ಹೆಂಡತಿ ಬರಿಗೈಯಲ್ಲಿ ಮೇಲೆ ಬಂದಳು. "ಕೆಳಗೆ 79 ಭರಣಿಗಳಿವೆ. ರಾತ್ರಿಯ ಅಡುಗೆಗೆ ಮಾತ್ರ ಏನೂ ಇಲ್ಲ" ಎಂದಳು. ನಂಬಿಕೆ ಬಾರದೆ ಟಾರ್ಚ್ ಹಿಡಿದು ನಾನೂ ಇಳಿದೆ. ಗೋಡೆಯುದ್ದದ ಮೂರು ಹಲಗೆಗಳ ಮೇಲೆ ಗಾಜಿನ ಸಾಲು ಅಂಗಡಿಯಂತೆ ಹೊಳೆಯುತ್ತಿತ್ತು. ಎಣಿಸಿದೆ: 38 ಜಾಮ್, 19 ಸೌತೆಕಾಯಿಯ ಉಪ್ಪಿನಕಾಯಿ, 22 ಹಣ್ಣಿನ ಚಟ್ನಿ. ಮೂಲೆಯ ಚೀಲದಲ್ಲಿ ಆಲೂಗಡ್ಡೆ ಬೆರಳುದ್ದದ ಮೊಳಕೆ ಬಿಟ್ಟು ಸುಕ್ಕುಗಟ್ಟಿತ್ತು. ಈರುಳ್ಳಿ ಇದ್ದ ಜಾಗದಲ್ಲಿ ಒದ್ದೆ ಸಿಪ್ಪೆ ಮತ್ತು ವಾಸನೆ ಮಾತ್ರ ಉಳಿದಿದ್ದವು. ಕ್ಯಾರೆಟ್ ಇತ್ತು, ಆದರೆ ಕಹಿಯೆಂದು ಮಕ್ಕಳು ಮುಟ್ಟುತ್ತಿರಲಿಲ್ಲ.

ಮರುದಿನ ಪೇಟೆಗೆ ಹೋಗಿ ಆಲೂಗಡ್ಡೆ, ಈರುಳ್ಳಿ, ಟೊಮೆಟೊ ಕೊಂಡು ತಂದೆವು. ಇಡೀ ಬೇಸಗೆ ನಾವು ಬೆಳೆದದ್ದೇ ಆ ಮೂರನ್ನು.

ಆ ಚಳಿಗಾಲ ಮತ್ತು ಅದರ ಮುಂದಿನ ಚಳಿಗಾಲದ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮದು ಐದು ಜನರ ಮನೆ: ನಾನು, ಹೆಂಡತಿ, ಇಬ್ಬರು ಮಕ್ಕಳು, ನನ್ನ ಅಮ್ಮ. ಅರ್ಧ ಎಕರೆ ತರಕಾರಿ ತೋಟ, ಏಳು ಸೇಬಿನ ಮರ, ಅರ್ಧ ನೆಲದೊಳಗೆ ಹೂತಂತಿರುವ ಮಣ್ಣಿನ ನೆಲದ ಮಾಳಿಗೆ, ಅಡುಗೆಗೂ ಬೆಚ್ಚಗಿರಲೂ ಒಂದೇ ಸೌದೆ ಒಲೆ, ಒಂದು ಫ್ರೀಜರ್. ಮನೆ ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಈ ಎತ್ತರದ ಮಾತು ಮುಂದೆ ಬರುತ್ತದೆ. ಮೊದಲ ಇಬ್ಬನಿ ಹೆಪ್ಪುಗಟ್ಟಿದ ದಿನದಿಂದ ವಸಂತದ ಮೊದಲ ಸೊಪ್ಪು ಕೈಗೆ ಸಿಗುವವರೆಗೆ 26 ವಾರ. ಅಷ್ಟೂ ವಾರ ಆದಷ್ಟು ಕಡಿಮೆ ಕೊಂಡು ಬದುಕುವುದು ನಮ್ಮ ಗುರಿಯಾಗಿತ್ತು.

ಸುಗ್ಗಿಯ ಆರು ವಾರ

ತೋಟದ ಮನೆಯಲ್ಲಿ ಎಲ್ಲವೂ ಒಟ್ಟಿಗೇ ಹಣ್ಣಾಗುತ್ತದೆ. ಬೇಸಗೆಯ ಕೊನೆಯ ಆರು ವಾರಗಳಲ್ಲಿ ಟೊಮೆಟೊ, ಬೀನ್ಸ್, ಸೌತೆ, ಸೇಬು ಒಂದರ ಬೆನ್ನಿಗೊಂದು ಅಡುಗೆಮನೆಗೆ ನುಗ್ಗಿದವು. "ಒಂದು ಹಣ್ಣೂ ಹಾಳಾಗಬಾರದು" ಎಂಬುದು ಅಮ್ಮನ ಕಟ್ಟಪ್ಪಣೆ. ನಮಗೂ ಅದು ಸರಿಯೆಂದೇ ತೋರಿತು. ಮಿತವ್ಯಯವೆಂದರೆ ಇದಲ್ಲದೆ ಇನ್ನೇನು? ಹಗಲು ಕೊಯ್ಲು, ಸಂಜೆ ಸಿಪ್ಪೆ ಸುಲಿಯುವುದು, ನಡುರಾತ್ರಿಯವರೆಗೆ ಕುದಿಸುವುದು. ಕೊನೆಗೆ ಹಲಗೆಯ ಮೇಲೆ 180 ಭರಣಿಗಳು ನಿಂತಿದ್ದವು: 52 ಜಾಮ್, 40 ಟೊಮೆಟೊ, 34 ಸೌತೆಕಾಯಿ, 30 ಚಟ್ನಿ, 24 ಬೀನ್ಸ್. ಫೋಟೊ ತೆಗೆದು ನೆಂಟರಿಗೆಲ್ಲ ಕಳಿಸಿದೆವು.

ಈಗ ಆ ಫೋಟೊ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಸಕ್ಕರೆ. ಜಾಮ್ ಕೆಡದೆ ಉಳಿಯುವುದು ಹಣ್ಣಿನ ದೆಸೆಯಿಂದಲ್ಲ. ಪಾಕದಲ್ಲಿ ಸಕ್ಕರೆಯ ಪಾಲು ಶೇಕಡಾ 65ರ ಹತ್ತಿರಕ್ಕೆ ಬಂದಾಗ ಅದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಸೂಕ್ಷ್ಮಜೀವಿಗಳಿಗೆ ಬಳಸಲು ನೀರು ಸಿಗುವುದಿಲ್ಲ. ಅಂದರೆ ಹಣ್ಣಿನ ತೂಕದಷ್ಟೇ ಸಕ್ಕರೆಯನ್ನು ಹೊರಗಿನಿಂದ ತರಬೇಕು. 52 ಭರಣಿಗೆ ನಾವು ಕೊಂಡದ್ದು 20 ಕಿಲೊ. ಹತ್ತೊಂಬತ್ತು ವಾರಗಳಲ್ಲಿ ತಿಂದದ್ದು 14 ಭರಣಿ. ಪುಕ್ಕಟೆ ಸಿಕ್ಕಿತೆಂದು ಹಣ್ಣನ್ನು ಉಳಿಸಲು ಹೋಗಿ, ದುಡ್ಡು ಕೊಟ್ಟು ತಂದ ಸಕ್ಕರೆಯನ್ನು ನೆಲಮಾಳಿಗೆಯಲ್ಲಿ ಹೂತಿಟ್ಟೆವು. ಒಂದೇ ಸಲಕ್ಕೆ ಬರುವ ಮುಚ್ಚಳ, ಗಂಟೆಗಟ್ಟಲೆ ಉರಿದ ಸೌದೆ ಬೇರೆ.

ಚಟ್ನಿಯ ಕಥೆಯೂ ಇದೇ. ವರ್ಷಕ್ಕೆ ಐದಾರು ಬಾರಿ ಅತಿಥಿಗಳು ಬಂದಾಗ ಮಾತ್ರ ನೆನಪಾಗುವ ಪದಾರ್ಥ ಅದು. 30 ಭರಣಿ ಏಕೆ ಮಾಡಿದೆವೆಂದು ಕೇಳಿದರೆ ಉತ್ತರ ಒಂದೇ: ಸೇಬು ಇತ್ತು.

ಟೊಮೆಟೊದಲ್ಲಿ ಮಾತ್ರ ಅರಿವಿಲ್ಲದೆಯೇ ಸರಿ ಮಾಡಿದ್ದೆವು. ಟೊಮೆಟೊ ಹುಳಿಯೆಂದು ನಾಲಿಗೆ ಹೇಳುತ್ತದೆ, ಆದರೆ ತಳಿ ಮತ್ತು ಹಣ್ಣಿನ ಮಾಗುವಿಕೆಗೆ ತಕ್ಕಂತೆ ಅದರ ಪಿಎಚ್ (ಹುಳಿಯ ಅಳತೆ; ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಸುರಕ್ಷಿತವೆನ್ನುವ 4.6ರ ಗೆರೆಯ ಆಚೀಚೆ ಓಲಾಡುತ್ತದೆ. ಹಾಗಾಗಿ ಒಂದು ಲೀಟರಿಗೆ ಎರಡು ದೊಡ್ಡ ಚಮಚ ಬಾಟಲಿ ನಿಂಬೆರಸ ಅಥವಾ ಅರ್ಧ ಸಣ್ಣ ಚಮಚ ಸಿಟ್ರಿಕ್ ಆಮ್ಲ ಹಾಕಬೇಕು. ಹಿಂಡಿದ ನಿಂಬೆಗಿಂತ ಬಾಟಲಿಯ ರಸ ವಾಸಿ. ಒಂದೊಂದು ಹಣ್ಣಿನ ಹುಳಿ ಒಂದೊಂದು ಹದವಿರುತ್ತದೆ, ಬಾಟಲಿಯದ್ದು ಬದಲಾಗುವುದಿಲ್ಲ. ನನ್ನ ಹೆಂಡತಿ ಮುಚ್ಚಳದ ಪೆಟ್ಟಿಗೆಯ ಜೊತೆ ಬಂದ ಚೀಟಿಯನ್ನು ಓದಿ ಹಾಗೇ ಮಾಡಿದ್ದಳು. ನಾನು ಚೀಟಿ ಓದಿರಲಿಲ್ಲ. ಬೀನ್ಸ್ ನನ್ನ ಪಾಲಿಗೆ ಬಂದಿತ್ತು.

ಬೀನ್ಸಿನ 24 ಭರಣಿ

ಎಳೆಯ ಬೀನ್ಸನ್ನು ಕತ್ತರಿಸಿ, ಉಪ್ಪುನೀರು ತುಂಬಿ, ದೊಡ್ಡ ಹಂಡೆಯಲ್ಲಿ ಮೂರು ಗಂಟೆ ಕುದಿಸಿದ್ದೆ. ಇದನ್ನು ಕಲಿತದ್ದು ಅಮ್ಮನ ಹಳೆಯ ಕೈಬರಹದ ಪುಸ್ತಕದಿಂದ. ಮುಚ್ಚಳಗಳು ಒಳಕ್ಕೆ ಎಳೆದುಕೊಂಡು ಟಕ್ಕೆಂದು ಕೂತಾಗ ಖುಷಿಯಾಯಿತು. ಗಟ್ಟಿ ಚಳಿಗೆಂದು ಅವನ್ನು ಮೇಲಿನ ಹಲಗೆಯಲ್ಲಿ ಎತ್ತಿಟ್ಟೆವು.

ಆರನೆಯ ವಾರದಲ್ಲಿ ಮನೆಗೆ ಬಂದ ಸ್ನೇಹಿತರೊಬ್ಬರು ಆಹಾರ ಸಂಸ್ಕರಣೆಯ ಕೆಲಸದಲ್ಲಿರುವವರು. ಹಲಗೆಯನ್ನು ಮೆಚ್ಚಿ ನೋಡುತ್ತಿದ್ದವರು ಬೀನ್ಸಿನ ಮುಂದೆ ನಿಂತು "ಪ್ರೆಶರ್‌ನಲ್ಲಿ ಮಾಡಿದ್ದೇ ತಾನೆ?" ಎಂದರು. ಮೂರು ಗಂಟೆ ಕುದಿಸಿದೆನೆಂದು ಎದೆಯುಬ್ಬಿಸಿ ಹೇಳಿದೆ. ಅವರು ಕೂತುಕೊಂಡರು.

ಅವರು ಹೇಳಿದ್ದನ್ನು ಆಮೇಲೆ ನಾನೇ ಓದಿ ಖಾತ್ರಿ ಮಾಡಿಕೊಂಡೆ. ಕ್ಲಾಸ್ಟ್ರಿಡಿಯಂ ಬಾಟ್ಯುಲಿನಮ್ ಎಂಬ ಬ್ಯಾಕ್ಟೀರಿಯಾ ಮಣ್ಣಿನಲ್ಲಿರುತ್ತದೆ, ಮಣ್ಣಿನಲ್ಲಿ ಬೆಳೆದ ತರಕಾರಿಯ ಮೇಲೂ ಇರಬಹುದು. ಅದರ ಬೀಜಕಗಳು, ಅಂದರೆ ಗಟ್ಟಿ ಕವಚದೊಳಗೆ ಅದು ನಿದ್ರಿಸುವ ರೂಪ, ಕುದಿಯುವ ನೀರಿನಲ್ಲಿ ಸಾಯುವುದಿಲ್ಲ. ಗಂಟೆಗಟ್ಟಲೆ ಕುದಿಸಿದರೂ ನೆಚ್ಚಿಕೊಳ್ಳುವಂತಿಲ್ಲ. ಅವನ್ನು ಕೊಲ್ಲಲು ಭರಣಿಯ ನಡುಭಾಗ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ಮೂರು ನಿಮಿಷ ಇರಬೇಕು, ಇಲ್ಲವೇ ಅದಕ್ಕಿಂತ ತುಸು ಕಡಿಮೆ ಶಾಖದಲ್ಲಿ ಹೆಚ್ಚು ಹೊತ್ತು ಇರಬೇಕು. ತೆರೆದ ಹಂಡೆಯ ನೀರು ಎಷ್ಟು ಉರಿ ಹಾಕಿದರೂ 100 ಡಿಗ್ರಿ ದಾಟುವುದಿಲ್ಲ. ನಮ್ಮ ಎತ್ತರದಲ್ಲಿ ಅದು 97ಕ್ಕೇ ಕುದಿಯುತ್ತದೆ. ಪ್ರತಿ 300 ಮೀಟರಿಗೆ ಸುಮಾರು ಒಂದು ಡಿಗ್ರಿ ಇಳಿಕೆ. ಉಳಿದುಕೊಂಡ ಬೀಜಕಗಳಿಗೆ ಬೇಕಾದದ್ದು ಗಾಳಿಯಿಲ್ಲದ, ಹುಳಿಯಿಲ್ಲದ, ತೇವವಿರುವ, ತೀರಾ ತಣ್ಣಗಿಲ್ಲದ ಜಾಗ. ನಾನು ಗಾಳಿ ತೆಗೆದು ಮುಚ್ಚಳ ಬಿಗಿದು ಮಾಡಿಕೊಟ್ಟದ್ದು ಅಂಥದ್ದೇ ಮನೆ. ಇನ್ನು ವಿಷದ ವಿಚಾರ: ಭರಣಿ ಉಬ್ಬಬಹುದು, ವಾಸನೆ ಬರಬಹುದು, ಎರಡೂ ಇಲ್ಲದೆಯೂ ವಿಷ ಇರಬಹುದು. ಅದು ನರಗಳ ಮೇಲೆ ಬೀಳುತ್ತದೆ, ಉಸಿರಾಟದ ಸ್ನಾಯುಗಳನ್ನು ನಿಲ್ಲಿಸುತ್ತದೆ.

ಉಪ್ಪಿನಕಾಯಿಯೂ ಜಾಮೂ ಕುದಿನೀರಿನ ಹಂಡೆಯಲ್ಲೇ ಪಾರಾಗುವುದು ಹೇಗೆ? ಪಿಎಚ್ 4.6ಕ್ಕಿಂತ ಕೆಳಗಿರುವ ಹುಳಿಯಲ್ಲಿ ಈ ಬೀಜಕ ಮೊಳೆಯುವುದಿಲ್ಲ. ವಿನೆಗರ್, ನಿಂಬೆ, ಹುಳಿ ಹಣ್ಣು ಕಾವಲಿಗೆ ನಿಲ್ಲುತ್ತವೆ. ಬೀನ್ಸ್, ಕ್ಯಾರೆಟ್, ಕಾಳು, ಮಾಂಸ ಯಾವುದರಲ್ಲೂ ಆ ಕಾವಲಿಲ್ಲ. ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವ ಹಸಿ ಬೆಳ್ಳುಳ್ಳಿಗೂ ಇದೇ ಅಪಾಯವಿದೆ.

ಅಮ್ಮ ಒಪ್ಪಲಿಲ್ಲ. "ನನ್ನ ಅಮ್ಮ ಹೀಗೇ ಮಾಡುತ್ತಿದ್ದಳು. ಯಾರಿಗೂ ಏನೂ ಆಗಲಿಲ್ಲ." ಈ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ, ಏಕೆಂದರೆ ಅದು ನಿಜ. ಆಹಾರವನ್ನು ಗಾಜಿನಲ್ಲಿ ಮುಚ್ಚಿ ಬೇಯಿಸಿಡುವ ವಿದ್ಯೆಯೇ ಕಾರಣ ತಿಳಿಯದೆ ಹುಟ್ಟಿದ್ದು. ಫ್ರಾನ್ಸಿನ ನಿಕೊಲಾ ಅಪೇರ್ ವರ್ಷಗಟ್ಟಲೆ ಬಿರಡೆ ಬಿಗಿದ ಬಾಟಲಿಗಳನ್ನು ಕುದಿನೀರಿನಲ್ಲಿಟ್ಟು ನೋಡಿ, 1810ರಲ್ಲಿ ತನ್ನ ವಿಧಾನವನ್ನು ಪ್ರಕಟಿಸಿ ಸರ್ಕಾರದಿಂದ 12,000 ಫ್ರಾಂಕ್ ಬಹುಮಾನ ಪಡೆದ. ಆಹಾರ ಏಕೆ ಕೆಡುವುದಿಲ್ಲವೆಂದು ಅವನಿಗೆ ಗೊತ್ತಿರಲಿಲ್ಲ. ಸೂಕ್ಷ್ಮಜೀವಿಗಳ ಪಾತ್ರವನ್ನು ಪಾಸ್ತರ್ ತೋರಿಸಿಕೊಡಲು ಇನ್ನೂ ಅರ್ಧ ಶತಮಾನ ಬೇಕಾಯಿತು. ಈ ನಿರ್ದಿಷ್ಟ ವಿಷಜೀವಿಯನ್ನು ಬೆಲ್ಜಿಯಮ್ಮಿನ ಎಮಿಲ್ ವಾನ್ ಎರ್ಮೆಂಗೆಮ್ ಪತ್ತೆ ಮಾಡಿದ್ದು 1895ರಲ್ಲಿ, ಒಂದೂರಿನ ಜನ ಉಪ್ಪು ಹಾಕಿದ ಹಂದಿಮಾಂಸ ತಿಂದು ಕಾಯಿಲೆ ಬಿದ್ದ ಮೇಲೆ. ಅಜ್ಜಿಯ ಭರಣಿಗಳಲ್ಲಿ ಬೀಜಕವೇ ಇರಲಿಲ್ಲವೋ, ತಿನ್ನುವ ಮೊದಲು ಆಕೆ ಮತ್ತೆ ಚೆನ್ನಾಗಿ ಕುದಿಸುತ್ತಿದ್ದಳೋ ಯಾರು ಬಲ್ಲರು. ಬೀಜಕ ಬಗ್ಗದಿದ್ದರೂ ಅದರ ವಿಷ ಹತ್ತು ನಿಮಿಷದ ಕುದಿತಕ್ಕೆ ಮುರಿಯುತ್ತದೆ, ಅದು ನಿಜವೇ. ಆದರೆ ಐದು ಜನರ ಜೀವವನ್ನು ಒಲೆಯ ಹತ್ತು ನಿಮಿಷಕ್ಕೆ ಒತ್ತೆಯಿಟ್ಟು ಉಳಿಸುವಂಥ ಸಿರಿ ಬೀನ್ಸಿನಲ್ಲಿಲ್ಲ.

24 ಭರಣಿಗಳನ್ನೂ ತೆರೆಯದೆ, ಕೈಗವಸು ಹಾಕಿಕೊಂಡು ಎರಡೆರಡು ಚೀಲದಲ್ಲಿ ಕಟ್ಟಿ ಕಸಕ್ಕೆ ಕಳಿಸಿದೆವು. ಕೋಳಿಗೂ ಹಾಕಲಿಲ್ಲ, ಗೊಬ್ಬರದ ಗುಂಡಿಗೂ ಸುರಿಯಲಿಲ್ಲ. ಗಾಜನ್ನಾದರೂ ಉಳಿಸಿಕೊಳ್ಳಬಹುದಿತ್ತೆಂದು ಅಮ್ಮ ಇಂದಿಗೂ ಹೇಳುತ್ತಾರೆ.

ಪ್ರೆಶರ್ ಉಪಕರಣ ಕೊಳ್ಳೋಣವೇ ಎಂಬ ಚರ್ಚೆ ಒಂದು ವಾರ ನಡೆಯಿತು. ದಿನದ ಅಡುಗೆಯ ಸಣ್ಣ ಕುಕ್ಕರ್ ಈ ಕೆಲಸಕ್ಕೆ ಒದಗುವುದಿಲ್ಲ: ಅದು ಬೇಗ ಕಾಯುತ್ತದೆ, ಬೇಗ ಆರುತ್ತದೆ, ಕೊಟ್ಟಿರುವ ಹೊತ್ತಿನ ಲೆಕ್ಕಗಳೆಲ್ಲ ದೊಡ್ಡ ಪಾತ್ರೆಯ ನಿಧಾನದ ಏರಿಳಿತವನ್ನು ಸೇರಿಸಿಕೊಂಡವು. ಭರಣಿಗೆಂದೇ ಮಾಡಿದ ದೊಡ್ಡ ಕುಕ್ಕರ್ ಬೇಕು, ಎತ್ತರಕ್ಕೆ ತಕ್ಕಂತೆ ಒತ್ತಡ ಏರಿಸಬೇಕು. ಮಾಂಸ ಕೂಡಿಡುವ ಮನೆಗೆ ಅದು ಬೇಕೇ ಬೇಕು. ಎರಡು ಡಜನ್ ಬೀನ್ಸಿಗಾಗಿ? ನಾವು ಕೊಳ್ಳಲಿಲ್ಲ. ಮುಂದಿನ ವರ್ಷ ಅರ್ಧ ಸಾಲನ್ನು ಮಾತ್ರ ಎಳೆಯದಾಗಿ ಕೊಯ್ದು ತಿಂದೆವು, ಉಳಿದದ್ದನ್ನು ಬಳ್ಳಿಯಲ್ಲೇ ಒಣಗಲು ಬಿಟ್ಟು ಕಾಳು ಮಾಡಿದೆವು. ಸೌದೆ ಬೇಕಿಲ್ಲ, ಭರಣಿ ಬೇಕಿಲ್ಲ, ಮುಚ್ಚಳ ಬೇಕಿಲ್ಲ.

ಒಂದು ಮಾಳಿಗೆ, ನಾಲ್ಕು ಹವೆ

ನಿಜವಾಗಿ ನಮ್ಮ ಚಳಿಗಾಲವನ್ನು ಕೆಡಿಸಿದ್ದು ಭರಣಿಗಳಲ್ಲ, ಭರಣಿಯಿಲ್ಲದೆ ಇಟ್ಟವು. ಆಲೂಗಡ್ಡೆ, ಈರುಳ್ಳಿ, ಕ್ಯಾರೆಟ್, ಸಿಹಿಗುಂಬಳ, ಸೇಬು ಎಲ್ಲವನ್ನೂ ಮಾಳಿಗೆಗೆ ತಳ್ಳಿ ಬಾಗಿಲು ಹಾಕಿದ್ದೆವು. ತಂಪಾಗಿದೆ, ಇನ್ನೇನು ಬೇಕು ಎಂಬ ಧೋರಣೆ. ಕೊಯ್ದ ಮೇಲೂ ತರಕಾರಿ ಜೀವಂತವೇ. ಅದು ಉಸಿರಾಡುತ್ತದೆ, ಬೆವರುತ್ತದೆ, ಪಕ್ಕದವರ ಕಾಟಕ್ಕೆ ಸೊರಗುತ್ತದೆ. ಅದಕ್ಕೂ ಅದರದೇ ಆದ ಹವೆ ಬೇಕೆಂಬುದು ಹೊಳೆದಿರಲಿಲ್ಲ.

ಕ್ಯಾರೆಟ್ಟಿನ ಕಹಿಗೆ ಕಾರಣ ಸೇಬು. ಮಾಗುವ ಸೇಬು ಎಥಿಲೀನ್ ಎಂಬ ಅನಿಲವನ್ನು ಬಿಡುತ್ತದೆ; ಅದನ್ನು ಕುಡಿದ ಕ್ಯಾರೆಟ್ ತನ್ನೊಳಗೆ ಒಂದು ಕಹಿ ವಸ್ತುವನ್ನು ಕಟ್ಟಿಕೊಳ್ಳುತ್ತದೆ. ಎರಡು ಬುಟ್ಟಿಗಳ ನಡುವೆ ಒಂದು ಗೇಣು ಜಾಗವಿತ್ತು, ಅಷ್ಟೆ. ಮಣ್ಣು ಸರಿಯಿಲ್ಲ, ತಳಿ ಸರಿಯಿಲ್ಲವೆಂದು ನಾನು ತಿಂಗಳುಗಟ್ಟಲೆ ಬೈದುಕೊಂಡಿದ್ದೆ.

ಈರುಳ್ಳಿಗೆ ತಂಪು ಬೇಕು, ತೇವ ಬೇಡ. ಸೊನ್ನೆಯಿಂದ ನಾಲ್ಕು ಡಿಗ್ರಿ, ಗಾಳಿಯಲ್ಲಿ ಶೇಕಡಾ 65ರಿಂದ 70ರಷ್ಟು ತೇವಾಂಶ ಸಾಕು. ಕ್ಯಾರೆಟ್ಟಿಗೆ ಅದೇ ಚಳಿ, ಆದರೆ ಶೇಕಡಾ 95ರಷ್ಟು ತೇವ. ಇಲ್ಲದಿದ್ದರೆ ಹಗ್ಗದಂತೆ ಬಾಡುತ್ತದೆ. ಮಣ್ಣಿನ ನೆಲದ ನಮ್ಮ ಮಾಳಿಗೆ ಕ್ಯಾರೆಟ್ಟಿಗೆ ತಾಯಿ, ಈರುಳ್ಳಿಗೆ ಮಲತಾಯಿ. ಸಿಹಿಗುಂಬಳದ ಸ್ವಭಾವ ಇನ್ನೂ ಬೇರೆ. ಅದು ಹತ್ತು ಡಿಗ್ರಿಗಿಂತ ಕೆಳಗೆ ಕೆಲವು ವಾರ ಇದ್ದರೆ ಚಳಿಗೇ ಗಾಯಗೊಳ್ಳುತ್ತದೆ, ಸಿಪ್ಪೆಯಲ್ಲಿ ಗುಳಿ ಬಿದ್ದು ಅಲ್ಲಿಂದ ಕೊಳೆಯುತ್ತದೆ. ಕೊಯ್ದ ಮೇಲೆ ಹತ್ತು ದಿನ ಬೆಚ್ಚಗಿನ ಜಾಗದಲ್ಲಿಟ್ಟು ಸಿಪ್ಪೆ ಗಟ್ಟಿಯಾಗಲು ಬಿಟ್ಟು, ಆಮೇಲೆ 10ರಿಂದ 13 ಡಿಗ್ರಿಯ ಒಣ ಕೋಣೆಯಲ್ಲಿ ಒಂದನ್ನೊಂದು ತಾಗದಂತೆ ಇಡಬೇಕು. ನಮ್ಮ ಮನೆಯಲ್ಲಿ ಅಂಥ ಜಾಗ ಒಂದೇ: ಒಲೆಯ ಶಾಖ ತಲುಪದ ಮಲಗುವ ಕೋಣೆಯಲ್ಲಿ ಮಂಚದ ಕೆಳಗೆ.

ಆಲೂಗಡ್ಡೆಯದು ನಡುದಾರಿ. ಮೊದಲ ಎರಡು ವಾರ ಹನ್ನೆರಡು-ಹದಿನೈದು ಡಿಗ್ರಿಯಲ್ಲಿದ್ದರೆ ಕೊಯ್ಲಿನ ಗಾಯಗಳು ಮಾಯುತ್ತವೆ. ಆಮೇಲೆ ಐದಾರು ಡಿಗ್ರಿ, ಕಗ್ಗತ್ತಲೆ. ನಾಲ್ಕಕ್ಕಿಂತ ಇಳಿದರೆ ಪಿಷ್ಟ ಸಕ್ಕರೆಯಾಗಿ ಬೇಯಿಸಿದಾಗ ಸಿಹಿ ಸಿಹಿ, ಕರಿದಾಗ ಕಪ್ಪು ಕಪ್ಪು. ಬೆಳಕು ಬಿದ್ದರೆ ಹಸಿರಾಗುತ್ತದೆ. ಹಸಿರಿನ ಜೊತೆಗೇ ಸೊಲನಿನ್ ಎಂಬ ಕಹಿ ವಿಷವೂ ಏರುತ್ತದೆ. ನಮ್ಮ ಮಾಳಿಗೆಗೆ ಒಂದು ಪುಟ್ಟ ಕಿಟಕಿಯಿತ್ತು, ಚೀಲ ಅದರ ಕೆಳಗೇ ಇತ್ತು.

ಎರಡನೆಯ ವರ್ಷ ಮಾಡಿದ ಬದಲಾವಣೆಗಳಲ್ಲಿ ದುಡ್ಡು ಬೇಡಿದ್ದು ಕನಿಷ್ಠ ಮತ್ತು ಗರಿಷ್ಠ ಶಾಖ ತೋರಿಸುವ ಉಷ್ಣಮಾಪಕ ಹಾಗೂ ಎರಡು ತುಂಡು ಕೊಳವೆ. ಒಂದು ಕೊಳವೆ ಹೊರಗಿನ ತಂಪು ಗಾಳಿಯನ್ನು ನೆಲದ ಹತ್ತಿರಕ್ಕೆ ತರುತ್ತದೆ, ಇನ್ನೊಂದು ಚಾವಣಿಯ ಬಳಿಯ ಬೆಚ್ಚನೆಯ ಗಾಳಿಯನ್ನು ಹೊರಗೆ ಬಿಡುತ್ತದೆ. ತಂಪು ಗಾಳಿ ಭಾರ, ಬಿಸಿ ಗಾಳಿ ಹಗುರ. ಫ್ಯಾನ್ ಬೇಡ, ಕರೆಂಟ್ ಬೇಡ. ಶರತ್ಕಾಲದ ರಾತ್ರಿಗಳಲ್ಲಿ ತೆರೆದು ಹಗಲು ಮುಚ್ಚಿದರೆ ಮಾಳಿಗೆ ಬೇಗ ತಣಿಯುತ್ತದೆ. ಹೊರಗೆ ಕಡುಚಳಿ ಬಂದಾಗ ಬಟ್ಟೆ ತುರುಕಿದರೆ ಆಯಿತು. ಕಿಟಕಿಗೆ ಹಲಗೆ ಹೊಡೆದೆ. ಕ್ಯಾರೆಟ್ ಮತ್ತು ಬೀಟ್‌ರೂಟನ್ನು ತೊಳೆಯದೆ, ಎಲೆ ತಿರುವಿ ತೆಗೆದು, ಒದ್ದೆ ಮರಳಿನ ಪೆಟ್ಟಿಗೆಗಳಲ್ಲಿ ಪದರ ಪದರವಾಗಿ ಹೂತೆವು. ಈರುಳ್ಳಿ ಜಡೆ ಕಟ್ಟಿಸಿಕೊಂಡು ಅಟ್ಟಕ್ಕೆ ಹೋಯಿತು. ಸೇಬನ್ನು ಕೊಟ್ಟಿಗೆಯ ಪಕ್ಕದ ಗೂಡಿಗೆ ಗಡೀಪಾರು ಮಾಡಿದೆವು.

ತಟ್ಟೆಯಿಂದ ತೋಟಕ್ಕೆ

ಆ ಮೊದಲ ಚಳಿಗಾಲ ಮುಗಿಯುವ ಮೊದಲೇ ನನ್ನ ಹೆಂಡತಿ ಒಂದು ನೋಟ್‌ಬುಕ್ ತೆರೆದಳು. ಎಷ್ಟು ಕೂಡಿಟ್ಟೆವೆಂಬುದು ಅದರ ಮೊದಲ ಅಂಕಣವಾಗಿರಲಿಲ್ಲ, ವಾರಕ್ಕೆ ಎಷ್ಟು ತಿಂದೆವೆಂಬುದಾಗಿತ್ತು. ಈ ಪ್ರಕರಣದಲ್ಲಿ ನಿಜವಾಗಿ ಏನಾದರೂ ಬದಲಾದದ್ದು ಆ ಅಂಕಣದಿಂದ, ಕೊಳವೆಯಿಂದಲ್ಲ.

ಲೆಕ್ಕ ಸರಳವಾಗಿತ್ತು. ಐದು ಜನ ವಾರಕ್ಕೆ ನಾಲ್ಕು ಊಟಕ್ಕೆ ಆಲೂಗಡ್ಡೆ ಬಳಸುತ್ತೇವೆ, ಒಂದೊಂದಕ್ಕೆ 1.2 ಕಿಲೊ. 26 ವಾರಕ್ಕೆ ಸುಮಾರು 125 ಕಿಲೊ. ಕೊಳೆತಕ್ಕೂ ಮೊಳಕೆಗೂ ಐದನೆಯ ಒಂದು ಪಾಲು ಸೇರಿಸಿ 150. ಮೊದಲ ವರ್ಷ ನಾವು ಇಟ್ಟದ್ದು 70. ಒಣ ಕಾಳು ವಾರಕ್ಕೆ 1.2 ಕಿಲೊ, ಒಟ್ಟು 31. ಟೊಮೆಟೊ ವಾರಕ್ಕೆ ಎರಡು ಭರಣಿ, ಮಕ್ಕಳ ಆಸೆಗೆ ಎರಡು ಹೆಚ್ಚು, 54. ಜಾಮ್ 20 ಸಾಕು. ಸೌತೆಕಾಯಿ 18. ಚಟ್ನಿ 8. ಒಟ್ಟು 100 ಭರಣಿ. ಟೊಮೆಟೊ ಹೆಚ್ಚಾಯಿತು, ಉಳಿದದ್ದೆಲ್ಲ ಇಳಿಯಿತು. ಸಕ್ಕರೆ 20 ಕಿಲೊದಿಂದ ಎಂಟಕ್ಕೆ ಬಂತು. ಬೀಜ ಬಿತ್ತುವ ಮೊದಲೇ ಈ ಪಟ್ಟಿ ಗೋಡೆಗೇರಿತು. ಸೌತೆಯ ಎರಡು ಸಾಲು ಕಿತ್ತು ಆಲೂಗಡ್ಡೆಗೆ ಕೊಟ್ಟೆವು.

ಕಣ್ಣು ತೆರೆಸಿದ ಇನ್ನೊಂದು ಅಂಕಣ "ಹೊರಗಿನಿಂದ ಬಂದದ್ದು": ಸಕ್ಕರೆ, ವಿನೆಗರ್, ಮುಚ್ಚಳ, ಕರೆಂಟ್, ಸುಗ್ಗಿಯಲ್ಲಿ ಹೆಚ್ಚುವರಿ ಉರಿದ ಸೌದೆ. ಒಂದೊಂದು ಪದಾರ್ಥದ ಮುಂದೆ ಅದನ್ನು ಬರೆಯುತ್ತಾ ಹೋದಂತೆ ಪಟ್ಟಿ ತಾನೇ ವಿಂಗಡವಾಯಿತು. ಮರಳಿನ ಕ್ಯಾರೆಟ್, ಮಂಚದ ಕೆಳಗಿನ ಕುಂಬಳ, ಜಡೆಯ ಈರುಳ್ಳಿ, ಒಣ ಕಾಳು, ಇವುಗಳ ಮುಂದೆ ಸೊನ್ನೆ. ಎಲೆಕೋಸಿನ ಮುಂದೆ ಉಪ್ಪು. ಜಾಮಿನ ಮುಂದೆ ಅರ್ಧ ಪುಟ. ಫೋಟೊಗೆ ಚೆನ್ನಾಗಿ ಕಾಣುವುದು ಮಾತ್ರ ಜಾಮೇ.

ಎಲೆಕೋಸಿನ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು, ಏಕೆಂದರೆ ಅದು ನನಗೆ ಅತ್ಯಂತ ಇಷ್ಟವಾದ ವಿದ್ಯೆ. ಹೆಚ್ಚಿದ ಎಲೆಕೋಸಿಗೆ ಉಪ್ಪು ಹಾಕಿ ಹಿಸುಕಿ, ಅದು ಬಿಟ್ಟ ನೀರಿನಲ್ಲೇ ಮುಳುಗುವಂತೆ ಭಾರ ಹೇರಿಟ್ಟರೆ ಮುಗಿಯಿತು. ಎಲೆಯ ಮೇಲೆ ಮೊದಲೇ ಇರುವ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಮೊದಲು ಲ್ಯೂಕೊನೊಸ್ಟಾಕ್ ಜಾತಿಯವು ನೊರೆಯೆಬ್ಬಿಸಿ ಕೆಲಸ ಶುರು ಮಾಡುತ್ತವೆ. ಹುಳಿ ಏರಿದಂತೆ ಅವು ಸೋತು, ಹೆಚ್ಚು ಹುಳಿ ತಾಳುವ ಲ್ಯಾಕ್ಟೊಬ್ಯಾಸಿಲಸ್‌ಗಳು ಪಾಳಿ ವಹಿಸಿಕೊಳ್ಳುತ್ತವೆ. ಇಪ್ಪತ್ತು ಡಿಗ್ರಿಯ ಆಸುಪಾಸಿನಲ್ಲಿ ಮೂರ್ನಾಲ್ಕು ವಾರ, ಆಮೇಲೆ ಮಾಳಿಗೆಯ ಚಳಿ. ಮೊದಲ ವರ್ಷ ನಾನು ಉಪ್ಪು ಕಡಿಮೆ ತಿನ್ನುವುದು ಒಳ್ಳೆಯದೆಂದು ಕೈಯಳತೆಯಲ್ಲಿ ಉದುರಿಸಿ, ಇಡೀ ಮಣ್ಣಿನ ಗಡಿಗೆಯ ಕೋಸು ಮೆತ್ತಗೆ ಲೋಳೆಯಾಗಿ ಹೋಗಿತ್ತು. ಉಪ್ಪನ್ನು ತೂಗಿಯೇ ಹಾಕಬೇಕು: ಒಂದು ಕಿಲೊ ಕೋಸಿಗೆ 20ರಿಂದ 25 ಗ್ರಾಂ. ಎರಡನೆಯ ವರ್ಷ ತೂಗಿದೆ. ಹನ್ನೆರಡು ಕಿಲೊ ಗರಿಗರಿಯಾಗಿ ವಸಂತದವರೆಗೆ ಬಂತು. ತಕ್ಕಡಿಯಷ್ಟು ಮಿತವ್ಯಯದ ಸಾಮಾನು ಅಡುಗೆಮನೆಯಲ್ಲಿ ಇನ್ನೊಂದಿಲ್ಲ.

ಸೇಬನ್ನು ಒಣಗಿಸಿದ್ದು ಒಲೆಯ ಮೇಲೆ ತೂಗುಬಿಟ್ಟ ಜಾಲರಿಯಲ್ಲಿ, ಮನೆ ಬೆಚ್ಚಗಿಡಲು ಹೇಗೂ ಉರಿಯುತ್ತಿದ್ದ ಸೌದೆಯ ಶಾಖಕ್ಕೆ. ಹತ್ತು ಕಿಲೊ ಹಣ್ಣು ಒಂದೂವರೆ ಕಿಲೊ ಆಸುಪಾಸಿಗೆ ಇಳಿಯುತ್ತದೆ. ಶಾಖ 60 ಡಿಗ್ರಿ ಮೀರಿದರೆ ಹೊರಮೈ ಬಿರುಸಾಗಿ ಒಳಗಿನ ತೇವ ಸಿಕ್ಕಿಹಾಕಿಕೊಂಡು ಬೂಷ್ಟು ಹಿಡಿಯುತ್ತದೆ. ಒಣಗಿದ ಮೇಲೂ ಒಂದು ವಾರ ಗಾಜಿನ ಭರಣಿಯಲ್ಲಿಟ್ಟು ದಿನಕ್ಕೊಮ್ಮೆ ಅಲುಗಿಸಿ ನೋಡಬೇಕು. ಗಾಜಿನ ಒಳಗೆ ಮಂಜು ಕಂಡರೆ ಮತ್ತೆ ಜಾಲರಿಗೆ.

ಎರಡನೆಯ ಚಳಿಗಾಲ

ಎಲ್ಲವೂ ಸರಿಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಗಾಳಿಗೆಂದು ಇಟ್ಟ ಕೊಳವೆಯ ಮೂಲಕ ಇಲಿಗಳು ಬಂದವು. ಬಾಯಿಗೆ ಸಣ್ಣ ಕಣ್ಣಿನ ತಂತಿಬಲೆ ಬಿಗಿಯಬೇಕೆಂದು ಹೊಳೆಯುವಷ್ಟರಲ್ಲಿ ಮೇಲಿನ ಮರಳಿನ ಪೆಟ್ಟಿಗೆಯ ಕ್ಯಾರೆಟ್ ಅರ್ಧ ಹೋಗಿತ್ತು. ತೊಟ್ಟು ಮುರಿದಿದ್ದ ಎರಡು ಕುಂಬಳ ಮಂಚದ ಕೆಳಗೆ ಸದ್ದಿಲ್ಲದೆ ಕೊಳೆತು, ಮರದ ನೆಲಕ್ಕೆ ಕಲೆ ಬಿತ್ತು. ಇಪ್ಪತ್ತೊಂದನೆಯ ವಾರ ಹೊತ್ತಲ್ಲದ ಹೊತ್ತಿನಲ್ಲಿ ಬಿಸಿಲು ಬಂದು ಮಾಳಿಗೆ ಹನ್ನೆರಡು ಡಿಗ್ರಿಗೆ ಏರಿತು. ಆಲೂಗಡ್ಡೆ ಮೊಳೆಯತೊಡಗಿ ನಾವು ಹತ್ತು ದಿನ ಬರೀ ಆಲೂಗಡ್ಡೆ ತಿಂದೆವು.

ಗಂಭೀರವಾದದ್ದು ಒಣ ಕಾಳಿನದು. ರಾತ್ರಿ ಒಲೆಯ ಅಂಚಿನಲ್ಲಿ ಉಳಿಯುವ ಶಾಖ ವ್ಯರ್ಥವಾಗುತ್ತದೆಂದು ಅಮ್ಮ ಕೆಂಪು ಬೀನ್ಸಿನ ಕಾಳನ್ನು ಕುದಿಸದೆ ಹಾಗೇ ಅಲ್ಲಿಟ್ಟು ಬೆಳಗಿನವರೆಗೆ ಬೇಯಿಸಿದರು. ಮೆತ್ತಗಾಗಿತ್ತು, ರುಚಿಯೂ ಇತ್ತು. ಊಟವಾಗಿ ಎರಡು ಮೂರು ಗಂಟೆಗೆ ಮಕ್ಕಳಿಬ್ಬರೂ ವಾಂತಿ ಮಾಡಿಕೊಂಡರು. ಹಸಿ ಕೆಂಪು ಬೀನ್ಸಿನಲ್ಲಿ ಲೆಕ್ಟಿನ್ ಎಂಬ ನಂಜು ಇರುತ್ತದೆ. ಕುದಿಯದ ಮಂದ ಶಾಖ ಅದನ್ನು ಮುರಿಯುವುದಿಲ್ಲ. ಕನಿಷ್ಠ ಐದು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕೊತಕೊತನೆ ಹತ್ತು ನಿಮಿಷ ಕುದಿಸಿದ ಮೇಲೆ ಬೇಕಾದರೆ ಒಲೆಯಂಚಿಗೆ ಸರಿಸಬಹುದು. ಮಕ್ಕಳು ಮರುದಿನಕ್ಕೆ ಚೇತರಿಸಿಕೊಂಡರು. ಅಮ್ಮ ಎರಡು ದಿನ ಮಾತಾಡಲಿಲ್ಲ. ಅವರನ್ನು ದೂರಲು ನನಗೆ ಬಾಯಿರಲಿಲ್ಲ. ಹಿಂದಿನ ವರ್ಷ 24 ಭರಣಿ ತುಂಬಿದವನು ನಾನೇ.

ಆದರೂ ಆ 26 ವಾರಗಳಲ್ಲಿ ತರಕಾರಿಗೆಂದು ಪೇಟೆಗೆ ಹೋದದ್ದು ಎರಡೇ ಸಲ. ಸುಗ್ಗಿಯಲ್ಲಿ ನಡುರಾತ್ರಿಯವರೆಗೆ ಒಲೆಯ ಮುಂದೆ ನಿಂತದ್ದು ಒಂಬತ್ತು ದಿನ. ಮೊದಲ ವರ್ಷ ನೋಟ್‌ಬುಕ್ ಇರಲಿಲ್ಲ, ಆದರೆ ಮೂವತ್ತು ದಾಟಿರಬೇಕು. ಹದಿನೆಂಟನೆಯ ವಾರಕ್ಕೆ ಫ್ರೀಜರ್ ಖಾಲಿಯಾದಾಗ ಆರಿಸಿಬಿಟ್ಟೆವು. ಮೊದಲ ವರ್ಷ ಅದು ಅರ್ಧ ಚೀಲ ಬಟಾಣಿಗಾಗಿ ವಸಂತದವರೆಗೂ ಗುಂಯ್‌ಗುಡುತ್ತಿತ್ತು.

ಹೆಚ್ಚಾದ ಸೇಬು ಏನಾಯಿತು? ಅಕ್ಕಪಕ್ಕದವರು ಬುಟ್ಟಿ ತುಂಬಿಕೊಂಡು ಹೋದರು, ಒಬ್ಬರು ಬದಲಿಗೆ ಸೌದೆ ಸೀಳಿ ಕೊಟ್ಟರು. ಉದುರಿದ್ದನ್ನು ಕೋಳಿಗಳು ತಿಂದವು, ಅವೂ ಬಿಟ್ಟದ್ದು ಗೊಬ್ಬರದ ಗುಂಡಿ ಸೇರಿತು. ಮರದ ಕೆಳಗೆ ಹಣ್ಣು ಬಿದ್ದಿರುವುದನ್ನು ನೋಡಲಾಗದೆ ಅಮ್ಮ ಆ ಕಡೆಯ ಕಿಟಕಿಗೆ ಪರದೆ ಎಳೆದುಕೊಳ್ಳುತ್ತಿದ್ದರು.

ಇಪ್ಪತ್ತಾರನೆಯ ವಾರ ಮಾಳಿಗೆ ಗುಡಿಸಲು ಇಳಿದೆವು. ಪಟ್ಟಿಯ ಪ್ರಕಾರ ಎರಡು ಜಾಮ್, ಒಂದು ಚಟ್ನಿ, ಗಡಿಗೆಯ ತಳದಲ್ಲಿ ಒಂದು ಹಿಡಿ ಕೋಸು ಉಳಿದಿರಬೇಕಿತ್ತು. ಖಾಲಿ ಆಲೂಗಡ್ಡೆ ಚೀಲಗಳನ್ನು ಸರಿಸಿದಾಗ ಗೋಡೆಗೆ ಒತ್ತಿಕೊಂಡಂತೆ ಆರು ಭರಣಿ ಸೇಬಿನ ಜಾಮ್ ಸಿಕ್ಕಿತು. ಚೀಟಿ ಅಂಟಿಸಿರಲಿಲ್ಲ. ನನ್ನ ಹೆಂಡತಿ ಒಂದನ್ನು ಬೆಳಕಿಗೆ ಹಿಡಿದು ನೋಡಿದಳು, ಮೇಲಿನ ಅಡುಗೆಮನೆಯ ಕಡೆ ಒಮ್ಮೆ ಕಣ್ಣು ಹಾಯಿಸಿದಳು, ಆಮೇಲೆ ನೋಟ್‌ಬುಕ್ ತೆರೆದು ಕೊನೆಯಲ್ಲಿ ಹೊಸ ಅಂಕಣವೊಂದನ್ನು ಗೀಚಿ ಅದರ ತಲೆಗೆ "ಅತ್ತೆ" ಎಂದು ಬರೆದಳು.